ಉಡಿ ಖಾಲಿ ಬಂದ ದಿನ

ಎಂಬತ್ತರ ದಶಕದ ಕೊನೆಯ ಒಂದು ಚಳಿಗಾಲ. ವರ್ಷ ಯಾವುದೆಂದು ಮೊದಲೆಲ್ಲ ಖಚಿತವಾಗಿ ಹೇಳುತ್ತಿದ್ದೆ. ಆಮೇಲೆ ಹಳೆಯ ಸಹಪಾಠಿಯೊಬ್ಬ ಅದು ಅದರ ಮರುವರ್ಷದ್ದು ಎಂದು ವಾದಿಸಿದ. ಅವನ ವಾದ ನನ್ನದಕ್ಕಿಂತ ಗಟ್ಟಿಯಾಗಿತ್ತು. ಅಂದಿನಿಂದ ಆ ಚಳಿಗಾಲದ ಬೇರೆ ಸಂಗತಿಗಳನ್ನೂ ಪೂರ್ತಿ ನಂಬುವುದನ್ನು ಬಿಟ್ಟಿದ್ದೇನೆ. ನಂಬದಿದ್ದರೂ ಅವು ಬಿಟ್ಟುಹೋಗುವುದಿಲ್ಲ, ಅದು ಬೇರೆ ಮಾತು.

ಸಮಾಜಕಾರ್ಯ ಓದುತ್ತಿದ್ದ ನಮ್ಮನ್ನು ಕೊನೆಯ ವರ್ಷ ಕೆಲವು ತಿಂಗಳು ಯಾವುದಾದರೂ ಸಂಸ್ಥೆಗೆ ಕಳಿಸುತ್ತಿದ್ದರು. ನನಗೆ ಸಿಕ್ಕಿದ್ದು ಹಾವೇರಿಯ ಒಂದು ಸೇವಾ ಸಂಘ. ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ಒಂದು ಕೋಣೆ, ಎರಡು ಬೆಂಚು, ಒಂದು ಸೈಕಲ್ಲು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಕಾಲೇಜುಗಳಿಂದ ಸಮಾಜಸೇವೆಗೆಂದು ಬರುವ ವಿದ್ಯಾರ್ಥಿಗಳನ್ನು ಅಲ್ಲಲ್ಲಿ ಹಂಚುವುದು, ಅವರು ಹೋದರೋ ಇಲ್ಲವೋ ನೋಡುವುದು ನನ್ನ ಕೆಲಸ. ಕೆಲವರು ಬಾಲವಾಡಿಗೆ, ಕೆಲವರು ವಾಚನಾಲಯಕ್ಕೆ. ಆ ವರ್ಷ ಹೆಚ್ಚಿನವರು ಕಣ್ಣಿನ ಶಿಬಿರಕ್ಕೆ. ಹಳ್ಳಿಗಳಿಗೆ ಹೋಗಿ, ಕಣ್ಣಿಗೆ ಪೊರೆ ಬಂದ ಮುದುಕ ಮುದುಕಿಯರನ್ನು ಕಂಡು, ಹಾವೇರಿಯ ಶಿಬಿರಕ್ಕೆ ಬಂದು ಆಪರೇಷನ್ ಮಾಡಿಸಿಕೊಳ್ಳಿ ಎಂದು ಒಪ್ಪಿಸಬೇಕು. ಹೀಗೆ ದುಡಿದವರಿಗೆ ಕೊನೆಗೆ ಒಂದು ಸರ್ಟಿಫಿಕೇಟು. ಅದಿದ್ದರೆ ಬಿ.ಎಡ್. ಸೀಟು ಸಿಗುವುದು ಸುಲಭ ಎಂದು ಮಕ್ಕಳು ನಂಬಿದ್ದರು. ನನಗೆ ಆ ನಂಬಿಕೆಯ ಮೇಲೂ ಅನುಮಾನವಿತ್ತು.

ಅನುಮಾನವೇ ನನ್ನ ವಿದ್ಯೆ. ಎಲ್ಲ ಒಳ್ಳೆಯ ಕೆಲಸದ ಹಿಂದೆ ಯಾರಿಗೆ ಲಾಭ ಎಂದು ಕೇಳುವುದನ್ನು ವಿಶ್ವವಿದ್ಯಾಲಯದಲ್ಲಿ ಚೆನ್ನಾಗಿ ಕಲಿತಿದ್ದೆ. ಅದನ್ನು ಯಾವಾಗ ಕೇಳಬಾರದು ಎಂಬುದು ಪಠ್ಯದಲ್ಲಿರಲಿಲ್ಲ.

ಮೊದಲ ವಾರಗಳಲ್ಲಿ ಈ ವಿದ್ಯೆ ಕೆಲಸಕ್ಕೆ ಬಂತು. ರಾಣೆಬೆನ್ನೂರು ಕಾಲೇಜಿನ ಒಬ್ಬ ಹುಡುಗ, ತರಗತಿಯ ಮುಂದಾಳು, ಹಲಗೇರಿಗೆ ಹೋಗಿ ಬಂದೆ ಎಂದು ಹೇಳಿದ. ಅಂಗಿಯ ಇಸ್ತ್ರಿ ಮುರಿದಿರಲಿಲ್ಲ.

"ಹಲಗೇರ್ಯಾಗ ಬಸ್ ಇಳದ ಕೂಡ್ಲೇ ಏನ ಕಾಣ್ತತಿ?" ಎಂದು ಕೇಳಿದೆ.

"ಹನುಮಪ್ಪನ ಗುಡಿ ಕಾಣ್ತತ್ರಿ ಸರ."

"ಅದು ಯಾವೂರಾಗ ಕಾಣೂದಿಲ್ಲಪಾ?"

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ಆದರೆ ಅವನ ನಗು ಉಳಿದವರಿಗಿಂತ ಸ್ವಲ್ಪ ತಡವಾಗಿ ಶುರುವಾಗಿ ಸ್ವಲ್ಪ ಬೇಗ ಮುಗಿಯಿತು. ಅದನ್ನು ಗುರುತಿಸಿಟ್ಟುಕೊಂಡೆ.

ಗುತ್ತಲ ಕಡೆಯ ಹಳ್ಳಿಗಳಿಗೆ ಇಬ್ಬರು ಹುಡುಗಿಯರನ್ನು ಜೋಡಿ ಮಾಡಿದ್ದೆ. ಒಬ್ಬಳು ಬ್ಯಾಡಗಿಯವಳು. ಮನೆ ಮೆಣಸಿನಕಾಯಿ ಪೇಟೆಗೆ ಹತ್ತಿಯೇ ಇದ್ದುದರಿಂದ ಅವಳ ಸ್ವೆಟರಿಗೂ ಘಾಟು ಹತ್ತಿರುತ್ತಿತ್ತು. ಪಕ್ಕದಲ್ಲಿ ಕೂತವರು ಸೀನುತ್ತಿದ್ದರು. ಇನ್ನೊಬ್ಬಳು ರಾಣೆಬೆನ್ನೂರಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದವಳು. ಹಿಂದಿನ ಬೇಸಿಗೆಯಲ್ಲಿ ಮದುವೆಯಾಗಿತ್ತು. ಗಂಡನ ಮನೆಯವರದು ಅದೇ ಊರಲ್ಲಿ ಹಿಟ್ಟಿನ ಗಿರಣಿ. ಅವಳು ಮೊದಲ ದಿನವೇ ನನ್ನೆದುರು ನಿಂತು ಎಲ್ಲವನ್ನೂ ಹೇಳಿಬಿಟ್ಟಿದ್ದಳು.

"ಸರ, ನಮ್ಮತ್ತಿ ಪರೀಕ್ಷೆ ಬರಿ ಅಂದಾರ್ರಿ. ಆದ್ರ ನಿನ್ನ ಮ್ಯಾಲ ಒಂದ ಮಾತ ಬಂತಂದ್ರ ಪರೀಕ್ಷೆನೂ ಇಲ್ಲ ಗಿರೀಕ್ಷೆನೂ ಇಲ್ಲ ಅಂದಾರ. ನನ್ನ ಎಲ್ಲಿ ಹಾಕಿದ್ರೂ ಹೆಣ್ಮಕ್ಕಳ ನಡುವ ಹಾಕ್ರಿ."

"ಬಿ.ಎ. ಮುಗಿಸಿ ಏನ ಮಾಡ್ತಿ?"

"ಬಿ.ಎಡ್. ಮಾಡ್ತೇನ್ರಿ. ಸಾಲಿ ಕಲಸ್ತೇನಿ."

ನನಗೆ ಅವಳ ಧ್ವನಿ ನೆನಪಿದೆ, ಮುಖ ಸರಿಯಾಗಿ ನೆನಪಿಲ್ಲ. ಮುಖವೆಂದು ನಾನು ನೆನೆಯುವುದು ಬಹುಶಃ ಆಮೇಲೆ ಕಂಡ ಬೇರೆ ಯಾರದೋ.

ಸಂಘದ ಕಾರ್ಯದರ್ಶಿ ನಿವೃತ್ತ ಹೆಡ್‌ಮಾಸ್ತರರು. ಕೋಟು ಹಾಕಿ, ಕಿವಿಗೆ ಮಫ್ಲರು ಸುತ್ತಿ ಬರುತ್ತಿದ್ದರು. ಅವರು ಸ್ವಯಂಸೇವಕರಿಗೆ ಪ್ರತಿ ಸೋಮವಾರ ನಿಯಮಗಳನ್ನು ಓದಿ ಹೇಳುತ್ತಿದ್ದರು. ಅದರಲ್ಲಿ ಒಂದು: ಯಾವ ಮನೆಯಲ್ಲೂ ನೀರಿನ ಹೊರತು ಏನನ್ನೂ ಸ್ವೀಕರಿಸಬಾರದು. ನನಗೂ ಅದು ಒಳ್ಳೆಯ ನಿಯಮವೆಂದೇ ಕಂಡಿತ್ತು. ಪುಸ್ತಕದಲ್ಲಿ ಹಾಗೇ ಇತ್ತು.

ಒಂದು ಸಂಜೆ ಗುತ್ತಲದ ಬಸ್ ಸ್ಟ್ಯಾಂಡಿನಲ್ಲಿ ಈ ಇಬ್ಬರನ್ನು ಕಂಡೆ. ಮದುವೆಯಾದವಳ ಕೈಯಲ್ಲಿ ಬೆಳಿಗ್ಗೆ ಖಾಲಿ ಇದ್ದ ಬಟ್ಟೆ ಚೀಲ ಈಗ ಉಬ್ಬಿತ್ತು. ಅದರ ಬಾಯಿಂದ ಒಂದು ಹಸಿರು ಕುಪ್ಪಸದ ಖಣದ ಅಂಚು ಇಣುಕುತ್ತಿತ್ತು. ಹಸಿರೋ ನೀಲಿಯೋ.

"ಏನವಾ ಅದು?"

ಉತ್ತರ ಕೊಟ್ಟವಳು ಬ್ಯಾಡಗಿಯವಳು. "ಉಡಿ ತುಂಬ್ಯಾರ್ರಿ ಸರ. ಆಕೀಗೆ ಅಕ್ಕಿ, ಕೊಬ್ಬರಿ, ಖಣ. ನನಗ ಬರೇ ಕುಂಕುಮ. ನಾನೂ ಲಗೂ ಲಗ್ನ ಆಗೂದು ಚಲೋ ಅನಸ್ತೈತಿ."

ಮದುವೆಯಾದವಳು ಚೀಲವನ್ನು ಆಚೆ ಕೈಗೆ ಬದಲಿಸಿಕೊಂಡಳು. ಆ ಬದಲಿಸಿಕೊಂಡದ್ದೇ ನನಗೆ ಸರಿ ಕಾಣಲಿಲ್ಲ.

ಉಡಿ ತುಂಬುವುದನ್ನು ನೋಡುತ್ತಲೇ ಬೆಳೆದವನು ನಾನು. ಮುತ್ತೈದೆ ಮನೆಗೆ ಬಂದರೆ ಹೊರಡುವಾಗ ಕುಂಕುಮ ಹಚ್ಚಿ, ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಕೂಡಿದರೆ ಒಂದು ಖಣ ಹಾಕಿ ಕಳಿಸುತ್ತಾರೆ. ಆದರೆ ಅದು ನೆಂಟರಿಗೆ, ಹಬ್ಬಕ್ಕೆ, ತವರಿಂದ ಹೊರಟವರಿಗೆ. ಕಣ್ಣಿನ ಶಿಬಿರದ ಪ್ರಚಾರಕ್ಕೆ ಬಂದವಳಿಗೆ ದಿನವೂ ಏಕೆ? ಉಡಿ ಎಂದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ನನಗೆ ಸಂಶಯ ಬಂದದ್ದೂ ಅದಕ್ಕೇ. ಏನನ್ನಾದರೂ ಮುಚ್ಚಬೇಕಿದ್ದರೆ ಇದಕ್ಕಿಂತ ಒಳ್ಳೆಯ ಸೆರಗು ಸಿಗದು ಎಂದು ನನಗೆ ನಾನೇ ಹೇಳಿಕೊಂಡೆ. ಆ ವಾಕ್ಯ ನನಗೆ ಬಹಳ ಹಿಡಿಸಿತ್ತು ಎಂಬುದು ಚೆನ್ನಾಗಿ ನೆನಪಿದೆ.

ಸ್ವಲ್ಪ ದಿನದಲ್ಲೇ ಮಾಸ್ತರರು ನನ್ನನ್ನು ಬದಿಗೆ ಕರೆದರು.

"ಏನಪಾ ಯುನಿವರ್ಸಿಟಿ, ಕೇಳಿದಿಯಿಲ್ಲೋ? ನಿಮ್ಮ ಗಿರಣಿ ಹುಡುಗಿ ಮನಿ ಮನಿ ಎತ್ತಾಕತ್ತಾಳಂತ."

"ಏನ ಎತ್ತಾಕತ್ತಾಳ್ರಿ?"

"ಅಕ್ಕಿ, ಬೆಲ್ಲ, ಖಣ. ಕೊಟ್ಟವರ ಮನಿ ಮುದುಕರನ್ನ ಶಿಬಿರದಾಗ ಮೊದಲ ಕುಂದರಸ್ತೇನಿ ಅಂತ ಹೇಳ್ಯಾಳಂತ."

"ಉಡಿ ತುಂಬಿರಬೇಕ್ರಿ."

"ಉಡಿ! ಉಡಿ ದಿನಾ ತುಂಬ್ತಾರೇನು? ನಾನೂ ಹೆಣ್ಣ ಹಡದಾವ ಅದೇನಪಾ."

"ನಿಮಗ ಯಾರ ಹೇಳಿದ್ರಿ?"

ಹೇಳಿದವನು ಆ ಹನುಮಪ್ಪನ ಗುಡಿಯ ಹುಡುಗ. ಇದು ನನಗೆ ಎರಡು ಕಡೆಯಿಂದಲೂ ಚುಚ್ಚಿತು. ಅವನು ಹೇಳಿದ್ದು ಸುಳ್ಳಿರಬಹುದು, ಏಕೆಂದರೆ ಅವನನ್ನು ಎಲ್ಲರೆದುರು ನಗೆಪಾಟಲು ಮಾಡಿದ್ದೆ, ಸಿಟ್ಟಿತ್ತು. ಆದರೆ ಸುಳ್ಳುಗಾರನ ಬಾಯಲ್ಲಿ ಬಂತೆಂದ ಮಾತ್ರಕ್ಕೆ ಸುಳ್ಳಾಗಬೇಕಿಲ್ಲವಲ್ಲ. ಮಾಸ್ತರರು ಅವಳ ಕಾಲೇಜಿನ ಪ್ರಿನ್ಸಿಪಾಲರಿಗೆ ಹೇಳುತ್ತೇನೆಂದರು. ಪ್ರಿನ್ಸಿಪಾಲರ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಗಿರಣಿ ಮನೆ ಮುಟ್ಟುತ್ತದೆ. ಅಲ್ಲಿಗೆ ಅವಳ ಪರೀಕ್ಷೆ ಮುಗಿಯಿತು. ನಾನು ತಡೆದೆ. ಮೊದಲು ಕಣ್ಣಾರೆ ನೋಡಿ ಬರುತ್ತೇನೆ ಎಂದೆ.

ನೋಡಲು ಹೋದದ್ದು ಗಳಗನಾಥಕ್ಕೆ. ಆ ದಿನ ಬ್ಯಾಡಗಿಯ ಹುಡುಗಿ ಬರಲಿಲ್ಲ. ಮೆಣಸಿನಕಾಯಿಯ ಸುಗ್ಗಿ, ಮನೆಯಲ್ಲಿ ಕೈ ಬೇಕಾಗಿದ್ದವು. ಹೀಗಾಗಿ ಇಬ್ಬರೇ ಹೊರಟೆವು. ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ, ನಾನು ಹಿಂದೆ ಬಾಗಿಲ ಬಳಿ. ನಾನೇಕೆ ಬಂದಿದ್ದೇನೆಂದು ಅವಳು ಕೇಳಲಿಲ್ಲ. ಕೇಳದಿದ್ದುದನ್ನೂ ನಾನು ಅವಳ ಲೆಕ್ಕಕ್ಕೇ ಬರೆದೆ: ಗೊತ್ತಿದ್ದವರು ಕೇಳುವುದಿಲ್ಲ.

ಆ ಊರ ಗುಡಿಗೆ ಹೋಗುವ ದಾರಿಯಲ್ಲಿ ಒಂದು ಒಕ್ಕಲುತನದ ಮನೆ. ಕಟ್ಟೆಯ ಮೇಲೆ ಬಿಸಿಲಿಗೆ ಒಬ್ಬ ಮುದುಕಿ ಕುಳಿತಿದ್ದಳು. ಎರಡೂ ಕಣ್ಣು ಬೆಳ್ಳಗೆ. ಸೊಸೆ ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಹುಡುಗಿ ಅಲ್ಲಿಗೆ ಹಿಂದೊಮ್ಮೆ ಬಂದಿದ್ದಳೆಂದು ಕಾಣುತ್ತದೆ. ಸಲೀಸಾಗಿ ಮುದುಕಿಯ ಪಕ್ಕ ಕುಳಿತಳು.

"ಆಯೀ, ಹಾವೇರಿಗೆ ಬರ್ತೀರಿಲ್ಲೋ?"

"ಬರೂದೇನ ಬರ್ತೇನವಾ. ಕಣ್ಣ ಬಂದ್ರ ನಮ್ಮ ಸೊಸಿ ಮಾರಿ ನೋಡಬೇಕಾಗತೈತಲ್ಲ, ಅದೊಂದ ತ್ರಾಸ."

"ನೋಡವಾ," ಎಂದಳು ಸೊಸೆ ಒಳಗಿನಿಂದಲೇ, "ಇನ್ನೂ ಪೊರಿ ತಗದಿಲ್ಲ, ಬಾಯಿ ಎಷ್ಟ ಚೂಪ ಐತಿ! ಕರಕೊಂಡ ಹೋಗ್ರಿ, ಬಾಯೀದೂ ಏನರ ಆಪರೇಷನ್ ಇದ್ರ ಮಾಡಿಸಿಬಿಡ್ರಿ."

ಮಾತು ಮುಗಿಯಿತು, ಮುದುಕಿ ಒಪ್ಪಿದಳು, ಹುಡುಗಿ ಎದ್ದಳು. ಸೊಸೆ ಒಳಗಿನಿಂದ ತಟ್ಟೆಯಲ್ಲಿ ಕುಂಕುಮ, ಅಕ್ಕಿ, ಕೊಬ್ಬರಿ ತಂದಳು. ಹುಡುಗಿ ನನ್ನ ಕಡೆ ನೋಡಿದಳು. ಆಮೇಲೆ ಸೆರಗನ್ನು ಬಿಗಿದು ನಡುವಿಗೆ ಸಿಕ್ಕಿಸಿಕೊಂಡಳು.

"ಒಲ್ಲೆರಿ ಅಕ್ಕಾರ. ಬರೇ ಕುಂಕುಮ ಹಚ್ಚರಿ."

"ಯಾಕ? ಹೊರಗಾಗೀಯೇನ?"

"ಇಲ್ರಿ."

"ಮನ್ಯಾಗ ಸೂತಕ ಏನ?"

"ಇಲ್ರಿ ಅಕ್ಕಾರ. ಸಂಘದ ನೇಮ ಐತ್ರಿ."

"ಸಂಘಕ್ಕ ಏನ ಗಂಡ ಇದ್ದಾನ? ಉಡಿ ನಿನಗ ತುಂಬೂದವಾ."

ಹುಡುಗಿ ತಲೆ ತಗ್ಗಿಸಿದಳು. ಹೆಂಗಸು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಈ ಸರದ್ದೇನ ನೇಮ?"

ಇಲ್ಲಿ ನನ್ನ ನೆನಪು ಒಂದು ಹೇಳುತ್ತದೆ, ಬೇರೆಯವರು ಇನ್ನೊಂದು ಹೇಳಿದರು. ನಾನು ಮುಂದೆ ಬಂದು, "ಇರ್ಲಿ ತಗೋ, ಅಡ್ಡಿಯಿಲ್ಲ" ಎಂದೆನೆಂದು ಎಷ್ಟೋ ವರ್ಷ ನಂಬಿದ್ದೆ. ಆ ಮಾತಿನ ಧಾಟಿಯೂ ಕಿವಿಯಲ್ಲಿದೆ.

ಹೆಂಗಸು ತಟ್ಟೆಯನ್ನು ಕೆಳಗಿಟ್ಟಳು. "ಕಣ್ಣ ಕೊಯ್ಸಾಕ ಕರಿಯಾಕ ಬಂದಾಕಿ ಬರೇ ಉಡೀಲೆ ಹೊಂಟ್ಲಂದ್ರ ನಾ ಮುದುಕೀನ್ನ ಹೆಂಗ ಕಳಸ್ಲಿ? ಬ್ಯಾಡ. ಇದ್ದ ಕಣ್ಣಾಗ ಇರ್ಲಿ ಬಿಡು." ಮುದುಕಿ ಸೂರ್ಯ ಎಲ್ಲಿದ್ದಾನೋ ಆ ಕಡೆ ಮುಖ ತಿರುಗಿಸಿ ಕುಳಿತಳು.

ನಮಗಿಂತ ಮೊದಲೇ ಸುದ್ದಿ ಓಣಿ ದಾಟಿತ್ತು. ಮುಂದಿನ ಮನೆಗಳಲ್ಲಿ ನೀರು ಕೊಟ್ಟರು, ಚಹಾ ಕೇಳಿದರು, ಮುದುಕರನ್ನು ಮಾತ್ರ ಕಳಿಸುತ್ತೇವೆನ್ನಲಿಲ್ಲ. ವಾಪಸು ಬರುವಾಗ ಅವಳು ಖಾಲಿ ಚೀಲವನ್ನು ತೊಡೆಯ ಮೇಲಿಟ್ಟು ಮಡಚುತ್ತಿದ್ದಳು, ಬಿಚ್ಚುತ್ತಿದ್ದಳು. ನಾನು ಹಿಂದಿನಿಂದ ಅದನ್ನು ನೋಡುತ್ತ ಒಳಗೊಳಗೇ ಸಮಾಧಾನಪಟ್ಟುಕೊಂಡಿದ್ದೆ. ಬೇಡವೆಂದರೂ ಕೊಡಲು ಬಂದರು. ಅಂದರೆ ಇವಳು ಕೇಳಿ ಪಡೆದದ್ದಲ್ಲ. ಅದನ್ನೇ ಮಾಸ್ತರರಿಗೆ ಹೇಳಿದೆ. "ನೋಡೂಣು" ಎಂದರು, ಒಪ್ಪಿದಂತೆ ಕಾಣಲಿಲ್ಲ. ಪ್ರಿನ್ಸಿಪಾಲರಿಗಂತೂ ಹೇಳಲಿಲ್ಲ.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಬದಲಿಗೆ ಅವಳ ಅತ್ತೆ ಬಂದಳು.

ಎತ್ತರದ ಹೆಂಗಸು. ಇಳಕಲ್ ಸೀರೆ, ಹಣೆಯ ತುಂಬ ಕುಂಕುಮ, ಮೆಟ್ಟಿಲು ಹತ್ತಿ ಬಂದದ್ದಕ್ಕೆ ಏದುಸಿರು. ಕೈಯಲ್ಲಿ ಅದೇ ಬಟ್ಟೆ ಚೀಲ.

"ಬರ್ರಿ ಅವ್ವಾರ, ಕುಂದ್ರಿ," ಎಂದರು ಮಾಸ್ತರರು.

"ಕುಂದ್ರಾಕ ಬಂದಿಲ್ಲರಿ ಮಾಸ್ತರ್ರ." ಹಾಗೆನ್ನುತ್ತಲೇ ಬೆಂಚಿನ ಮೇಲೆ ಕುಳಿತಳು. "ಮೊನ್ನಿ ನಮ್ಮ ಸೊಸಿ ಎಲ್ಲಿಗಿ ಹೋಗಿದ್ಲು, ಅಷ್ಟ ಹೇಳ್ರಿ."

"ಗಳಗನಾಥಕ್ಕ ಹೋಗಿದ್ಲು."

"ಹೋಗಿದ್ರ ಚೀಲ ಯಾಕ ಖಾಲಿ?"

ಮಾಸ್ತರರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ.

"ದಿನಾ ಸಂಜೀಕ ಬಂದ ಕೂಡ್ಲೇ ನಾ ಚೀಲ ಬಿಚ್ಚತಿದ್ದೆ," ಎಂದಳು. "ಅಕ್ಕಿ, ಅಡಕಿ, ಖಣ. ಹೆಣ್ಮಕ್ಕಳ ಮನಿಗೇ ಹೋಗ್ಯಾಳ, ಮರ್ಯಾದಿಲೆ ಕಳಿಸ್ಯಾರ ಅಂತ ನನಗ ಸಮಾಧಾನ. ನಮ್ಮ ಮನಿಯವರಿಗೂ ತೋರಸ್ತಿದ್ದೆ, ನೋಡ್ರಿ ನಿಮ್ಮ ಸೊಸೀಗೆ ಊರೂರಾಗ ಉಡಿ ತುಂಬ್ತಾರ ಅಂತ. ಮೊನ್ನಿ ಖಾಲಿ. ಜೋಡಿ ಹುಡುಗಿನೂ ಇದ್ದಿಲ್ಲಂತ. ಮತ್ತ್ಯಾರ ಇದ್ರು ಅಂದ್ರ, ಸರ ಇದ್ರು ಅಂತಾಳ. ಯಾವ ಸರ?"

ಮಾಸ್ತರರ ಬೆರಳು ತಾನಾಗಿಯೇ ನನ್ನ ಕಡೆ ತಿರುಗಿತು.

"ಇಂವ ಏನ?" ಎಂದಳು. ನನಗೆ ಮೀಸೆ ಆಗಷ್ಟೇ ದಪ್ಪಗಾಗುತ್ತಿತ್ತು. ಆ ಕ್ಷಣ ಅದು ಇರದಿದ್ದರೆ ಚೆನ್ನಾಗಿತ್ತು ಅನ್ನಿಸಿತು. "ಪುಸ್ತಕ ಎಲ್ಲಾ ಗಂಟ ಕಟ್ಟಿ ಅಟ್ಟದ ಮ್ಯಾಲ ಹಾಕೇನಿ ತಮ್ಮಾ. ಖರೇ ಹೇಳು. ಇಲ್ಲಂದ್ರ ಅವು ಕೆಳಗ ಬರೂದಿಲ್ಲ."

ನಾನು ನಿಯಮದ ವಿಷಯ ಹೇಳಿದೆ. ಉಡಿ ತುಂಬಲು ಬಂದರು, ನಿಯಮವಿದ್ದುದರಿಂದ ಅವಳು ಬೇಡವೆಂದಳು ಎಂದೆ. ಹೇಳುತ್ತಿದ್ದಂತೆ ಅದು ನನ್ನ ಕಿವಿಗೇ ಕಟ್ಟುಕಥೆಯಂತೆ ಕೇಳಿಸಿತು.

"ಉಡಿ ಒಲ್ಲೆ ಅಂದ್ಲು? ಮುತ್ತೈದಿ? ಯಾರ ನಂಬ್ತಾರ ತಮ್ಮಾ ಇದನ್ನ?"

ಆಗ ಮಾಸ್ತರರು ಗಂಟಲು ಸರಿಮಾಡಿಕೊಂಡರು. ಇವಳು ಮನೆ ಮನೆ ಎತ್ತುತ್ತಾಳೆಂದು ನನಗೆ ಹೇಳಿದ್ದ ಅದೇ ಬಾಯಿಂದ, "ಉಡಿ ಅಂದ್ರ ನಮ್ಮ ಪದ್ಧತಿ ಅಲ್ರಿ ಅವ್ವಾರ, ಅದಕ್ಕ ಯಾರ ಬ್ಯಾಡ ಅಂತಾರ?" ಎಂದರು.

"ಯಾರೋ ಅಂದಾರಲ್ರಿ!" ಎಂದಳು ಆಕೆ. "ಅದನ್ನ ಕೇಳಾಕ ಬಂದೇನಿ. ನಾಳೆ ನನ್ನ ಆ ಊರಿಗೆ ಕರಕೊಂಡ ಹೋಗ್ರಿ. ಆ ಮನಿಯಾಕಿ ಬಾಯಿಂದ ಕೇಳ್ತೇನಿ."

ಹೋದೆವು. ಮುಂದಿನ ಸೀಟಿನಲ್ಲಿ ಅತ್ತೆ, ಸೊಸೆ. ಅವರ ಹಿಂದೆ, ಈ ಸಲ ಬರಲೇಬೇಕೆಂದು ನಾನು ಕರೆಸಿದ್ದ ಬ್ಯಾಡಗಿಯ ಹುಡುಗಿ. ಎಲ್ಲರಿಗಿಂತ ಹಿಂದೆ ನಾನು. ಗುತ್ತಲ ದಾಟಿದ ಮೇಲೆ ಅತ್ತೆ ಮೂರು ಸಲ ಸೀನಿ, "ಏ ಹುಡುಗಿ, ನೀ ಮೆಣಸಿನಕಾಯ್ಯಾಗ ಮಲಗ್ತೀಯೇನ?" ಎಂದಳು. ಸೊಸೆ ಮಾತ್ರ ನಗಲಿಲ್ಲ. ಆ ಮನೆಯ ಹೆಂಗಸು ಏನು ಹೇಳುತ್ತಾಳೋ ಅದರ ಮೇಲೆ ಅಟ್ಟದ ಮೇಲಿನ ಗಂಟು ನಿಂತಿತ್ತು. ಸಿಟ್ಟಿನಲ್ಲಿ ನಮ್ಮನ್ನು ಕಳಿಸಿದ್ದ ಆ ಹೆಂಗಸು, ನನಗೆ ಗೊತ್ತಿಲ್ಲ ಎಂದು ಒಂದು ಮಾತು ಹೇಳಿದರೂ ಸಾಕಿತ್ತು, ಗಂಟು ಅಲ್ಲೇ ಉಳಿಯುತ್ತಿತ್ತು.

ಕಟ್ಟೆಯ ಮೇಲೆ ಮುದುಕಿ ಹಾಗೇ ಕುಳಿತಿದ್ದಳು. ಅತ್ತೆ ನಿಂತಲ್ಲಿಂದಲೇ ಕೇಳಿದಳು: "ಏನವಾ ತಂಗಿ, ಈ ಹುಡುಗಿ ನಿಮ್ಮ ಮನಿಗೆ ಬಂದಿದ್ಲೇನ?"

ಮನೆಯಾಕೆ ಒಬ್ಬೊಬ್ಬರನ್ನೇ ನೋಡಿದಳು. ಅತ್ತೆಯ ಹಣೆ ನೋಡಿದಳು, ಕೈಯ ಚೀಲ ನೋಡಿದಳು. ಎಲ್ಲ ತಿಳಿದುಕೊಳ್ಳಲು ಅಷ್ಟೇ ಸಾಕಾಯಿತೇನೋ.

"ಬಂದಿದ್ಲರಿ ಅಕ್ಕಾ. ನಾ ತುಂಬಾಕ ಹ್ವಾದೆ, ಒಲ್ಲೆ ಅಂದ್ಲು. ಅಳು ಬಂದಿತ್ತ ಪಾಪ. ಈ ಸರ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡ್ಕೊಂತ ನಿಂತಿದ್ದ."

ಇದೇ ಆ ಇನ್ನೊಂದು ಹೇಳಿಕೆ. ನಾನು ಗೋಡೆಯ ಕಡೆ ನೋಡಿದೆ. ಕ್ಯಾಲೆಂಡರು ಇತ್ತು.

"ಸಾಯ್ಲಿ, ಆ ನೇಮದ ಮನಿ ಹಾಳಾಗ್ಲಿ," ಎಂದಳು ಅತ್ತೆ. ಆದರೆ ಧ್ವನಿ ಇಳಿದಿತ್ತು. ಮನೆಯಾಕೆ ಚಾಪೆ ಹಾಸಿದಳು. ಮೊದಲು ಅತ್ತೆಗೆ, ಆಮೇಲೆ ಸೊಸೆಗೆ ಉಡಿ ತುಂಬಿದಳು. ಮುದುಕಿ ವಿಧವೆ, ಅವಳ ಕೈ ಅದಕ್ಕೆ ಸಲ್ಲದು. ದೂರವೇ ಕುಳಿತು, "ನನ್ನ ಹೆಸರ್ಲೆ ಒಂದ ಹಿಡಿ ಹೆಚ್ಚ ಹಾಕ," ಎಂದಳು. ಇದರ ಬಗ್ಗೆ ಒಂದು ಉಪನ್ಯಾಸ ಕೊಡುವಷ್ಟು ನಾನು ಓದಿದ್ದೆ. ಅಲ್ಲಿ ಬಾಯಿ ತೆರೆಯಲಿಲ್ಲ.

ಶಿಬಿರಕ್ಕೆ ಗಳಗನಾಥದಿಂದ ಒಂದು ಟ್ರ್ಯಾಕ್ಟರಿನ ತುಂಬ ಮುದುಕರು ಬಂದರು. ನಮ್ಮ ಮುದುಕಿಯೂ ಬಂದಳು. ಸಾಲಿನಲ್ಲಿ ಅವಳು ಮೊದಲನೆಯವಳಾಗಿ ಕುಳಿತಿದ್ದಳು. ನನಗೆ ಮತ್ತೆ ಸಂಶಯ. ಹುಡುಗಿಯನ್ನು ಕೇಳಿಯೇಬಿಟ್ಟೆ.

"ಮೊದಲ ಬಂದಾರ, ಮೊದಲ ಕುಂತಾರ್ರಿ ಸರ," ಎಂದಳು. ಹಾಗೂ ಇರಬಹುದು. ಖಣ ಕೊಟ್ಟ ಮನೆಗಳಲ್ಲಿ ಒಂದೂ ಸಾಲಿನಲ್ಲಿ ಮುಂದಿನ ಜಾಗ ಸಿಕ್ಕೀತೆಂದು ಕೊಟ್ಟಿರಲಿಲ್ಲ ಎಂದು ನಾನು ಇವತ್ತಿಗೂ ಹೇಳಲಾರೆ. ಮಾಸ್ತರರು ಮುಂದಿನ ಸೋಮವಾರದಿಂದ ನಿಯಮಗಳನ್ನು ಓದುವಾಗ ಆ ಒಂದನ್ನು ಬಿಟ್ಟು ಓದತೊಡಗಿದರು. ಯಾರೂ ಕೇಳಲಿಲ್ಲ.

ಬೇಸಿಗೆಯ ಪರೀಕ್ಷೆಯ ಹೊತ್ತಿಗೆ ಸರ್ಟಿಫಿಕೇಟುಗಳನ್ನು ಹಂಚಲು ರಾಣೆಬೆನ್ನೂರಿಗೆ ಹೋದೆ. ಕಾಲೇಜಿನ ಗೇಟಿನ ಬಳಿ ಬೇವಿನ ಮರದ ಕೆಳಗೆ ಅತ್ತೆ ಚೀಲ ಇಟ್ಟುಕೊಂಡು ಕುಳಿತಿದ್ದಳು.

"ನೀ ಯಾಕ ಬಂದಿ ತಮ್ಮಾ ಇಲ್ಲಿ?"

"ಸರ್ಟಿಫಿಕೇಟ್ ಕೊಡಾಕ ಬಂದೇನ್ರಿ. ನೀವು?"

"ಆಕಿ ಒಳಗ ಬರಿಯಾಕತ್ತಾಳ. ಬರದ ಹೊರಗ ಬರ್ಲಿ ಅಂತ ಕುಂತೇನಿ."

ಕಾಯಲು ಕುಳಿತಿದ್ದಳೋ ಕಾವಲು ಕುಳಿತಿದ್ದಳೋ ಕೇಳಲಿಲ್ಲ. ಸೊಸೆಯ ಸರ್ಟಿಫಿಕೇಟನ್ನು ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದರಾಗ ಆಕೀ ಹೆಸರ ಐತೇನ?"

"ಐತ್ರಿ. ಓದಲೇನ್ರಿ?"

"ನೀ ಓದಬ್ಯಾಡ," ಎಂದಳು. ಗೇಟಿನ ಒಳಗೆ ಹೋಗುತ್ತಿದ್ದ ಒಬ್ಬ ಹುಡುಗಿಯನ್ನು ಕೂಗಿ ಕರೆದಳು. "ಏ ತಂಗಿ, ಬಾ ಇಲ್ಲಿ. ಇದರಾಗ ಏನ ಬರದೈತಿ, ಜೋರಲೆ ಓದು."

ಹುಡುಗಿ ಓದಿದಳು. ಹೆಸರು ಬಂದಾಗ ಅತ್ತೆ ಇನ್ನೊಮ್ಮೆ ಓದಿಸಿದಳು. ಆಮೇಲೆ ಕಾಗದವನ್ನು ಮಡಚದೆ, ಚೀಲದೊಳಗೆ ಒಂದು ಖಣದ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡು, ಗೇಟಿನ ಕಡೆ ಮುಖ ಮಾಡಿ ಕುಳಿತಳು.